ಜಾರ್ಜಿಯಾ: ಬೆಟ್ಟ, ಕಡಲು, ದ್ರಾಕ್ಷಿ – 11 ರಾತ್ರಿಗಳಲ್ಲಿ ಯಾವುದನ್ನು ಬಿಡಬೇಕು?

ಪ್ರಶ್ನೆ | ಪಯಣಿಗ, ಶಿರಸಿ

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರ್ ಕೊನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಜಾರ್ಜಿಯಾ ದೇಶಕ್ಕೆ ಹೋಗಿಬರಬೇಕೆಂದು ಮಾಡಿದ್ದೇವೆ. ಹೆಸರು ಹೇಳಿದ ಕೂಡಲೇ ಹಲವರು ಅಮೆರಿಕದ ರಾಜ್ಯವೆಂದು ತಿಳಿಯುತ್ತಾರೆ. ನಾನು ಹೇಳುತ್ತಿರುವುದು ಕಪ್ಪು ಸಮುದ್ರದ ಪೂರ್ವ ದಂಡೆಯಿಂದ ಕಾಕಸಸ್ ಪರ್ವತಗಳ ದಕ್ಷಿಣ ಮಗ್ಗುಲಿನುದ್ದಕ್ಕೂ ಹಬ್ಬಿರುವ, 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬೇರೆಯಾದ, ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತ ತುಸು ದೊಡ್ಡದಾದ ದೇಶದ ವಿಷಯ. ಪ್ರೌಢಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಭೂಪಟದ ಮೇಲೆ ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರಗಳ ನಡುವಿನ ಆ ಪರ್ವತಶ್ರೇಣಿಯನ್ನು ಕೋಲಿನಿಂದ ತೋರಿಸುತ್ತಿದ್ದೆನೇ ಹೊರತು, ಅಲ್ಲಿಗೆ ಹೋಗುವ ಯೋಚನೆ ಎಂದೂ ಬಂದಿರಲಿಲ್ಲ. ಈಚೆಗೆ ಅಲ್ಲಿನ ಲಿಪಿಯ ಒಂದು ಪುಟವನ್ನು ನೋಡಿದಾಗ, ಅದರ ದುಂಡನೆಯ ಅಕ್ಷರಗಳು ಕ್ಷಣಕಾಲ ಕನ್ನಡವೇ ಇರಬಹುದೆಂಬ ಭ್ರಮೆ ಹುಟ್ಟಿಸಿದವು. ಸಂಬಂಧವೇನೂ ಇಲ್ಲವೆಂದು ಗೊತ್ತಿದ್ದರೂ ಆಸೆ ಅಲ್ಲಿಂದಲೇ ಮೊಳೆಯಿತು.

ಪ್ರವಾಸ ಏರ್ಪಡಿಸುವವರೊಬ್ಬರು ನಮಗೆ 5 ರಾತ್ರಿಗಳ ಒಂದು ಯೋಜನೆ ಕೊಟ್ಟಿದ್ದಾರೆ. ಅದರಲ್ಲಿ ಐದೂ ರಾತ್ರಿ ರಾಜಧಾನಿ ಟಿಬಿಲಿಸಿಯಲ್ಲೇ ತಂಗಿ, ಒಂದು ದಿನ ಬೆಟ್ಟ, ಇನ್ನೊಂದು ದಿನ ದ್ರಾಕ್ಷಿ ಸೀಮೆ ನೋಡಿ ಮರಳುವುದು. ಇಷ್ಟು ಹಣ ಖರ್ಚು ಮಾಡಿ ಅಷ್ಟು ದೂರ ಹೋಗುವುದು ಕಾರಿನ ಕಿಟಕಿಯಿಂದ ನೋಡುವುದಕ್ಕೇ ಎಂಬ ಬೇಸರದಿಂದ ನಾವೇ 11 ರಾತ್ರಿಗಳಿಗೆ ಒಂದು ಯೋಜನೆ ಮಾಡಿಕೊಳ್ಳಲು ಕುಳಿತಿದ್ದೇವೆ. ಕುಳಿತ ಮೇಲೆ ಕಷ್ಟ ತಿಳಿಯುತ್ತಿದೆ. ಬೆಟ್ಟದ ಸೀಮೆಗಳಾದ ಕಾಜ್ಬೆಗಿ ಮತ್ತು ಸ್ವಾನೇತಿ, ದ್ರಾಕ್ಷಿ ಸೀಮೆ ಕಾಖೇತಿ, ಕಡಲ ದಂಡೆಯ ಬಟುಮಿ – ಎಲ್ಲವೂ ಬೇಕೆನಿಸುತ್ತದೆ, ಎಲ್ಲವೂ ಹಿಡಿಸುವುದಿಲ್ಲ.

ನಮ್ಮ ಪರಿಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಇಬ್ಬರಿಗೂ ಅರವತ್ತರ ಆಸುಪಾಸಿನ ವಯಸ್ಸು. ಹೆಂಡತಿಗೆ ಮೊಣಕಾಲು ನೋವಿದೆ, ಹೆಚ್ಚು ಹತ್ತಿ ಇಳಿಯಲಾರಳು. ಇಬ್ಬರೂ ಸಸ್ಯಾಹಾರಿಗಳು. ನಾವು ಮದ್ಯ ಸೇವಿಸುವವರಲ್ಲ. ಆದರೆ ಎಂಟು ಸಾವಿರ ವರ್ಷಗಳಿಂದ ವೈನ್ ಮಾಡುತ್ತ ಬಂದ ನೆಲವೆಂದು ಓದಿರುವುದರಿಂದ ಅದನ್ನು ಹೇಗೆ ಮಾಡುತ್ತಾರೆಂದು ಕಣ್ಣಾರೆ ನೋಡುವ ಕುತೂಹಲವಿದೆ. ಕುಡಿಯದವರು ಅಂಥ ಮನೆಗೆ ಹೋದರೆ ಅವರಿಗೆ ಅಗೌರವವಾಗುತ್ತದೆಯೇ ಎಂಬ ಅಳುಕೂ ಇದೆ. ಹೋಗಿಬಂದವರು, ಅಲ್ಲಿ ಇದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ | ವೈದ್ಯೆ, ಮೈಸೂರು

ಸರ್, ವೈದ್ಯಕೀಯ ಶಿಕ್ಷಣಕ್ಕಾಗಿ ಟಿಬಿಲಿಸಿಯಲ್ಲಿ ಆರು ವರ್ಷ ಇದ್ದವಳು ನಾನು. ನಮ್ಮ ದೇಶದ ಸಾವಿರಾರು ವಿದ್ಯಾರ್ಥಿಗಳು ಅಲ್ಲಿ ಓದುತ್ತಿರುವುದರಿಂದ ಕನ್ನಡ ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಡಿ. 5 ರಾತ್ರಿಗಳ ಯೋಜನೆಯನ್ನು ನೀವು ಕೈಬಿಟ್ಟದ್ದು ಒಳ್ಳೆಯದಾಯಿತು. ಭೂಪಟದಲ್ಲಿ ಜಾರ್ಜಿಯಾ ಚಿಕ್ಕದಾಗಿ ಕಾಣುತ್ತದೆ, ಆದರೆ ಅಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಮೋಸಹೋಗುತ್ತೀರಿ. ಟಿಬಿಲಿಸಿಯಿಂದ ಕಾಜ್ಬೆಗಿಗೆ, ಅಂದರೆ ಸ್ತೆಪಾನ್ತ್ಸ್‌ಮಿಂದಾ ಎಂಬ ಊರಿಗೆ, 155 ಕಿ.ಮೀ. ಮಾತ್ರ. ಆದರೆ 2,300 ಮೀಟರಿಗೂ ಮೇಲಿರುವ ಜ್ವಾರಿ ಕಣಿವೆಮಾರ್ಗವನ್ನು ದಾಟಿ ಹೋಗಬೇಕು, ಮುಂದೆ ರಷ್ಯಾದ ಗಡಿಗೆ ಸರಕು ಹೊತ್ತ ಲಾರಿಗಳ ಸಾಲು ನಿಂತಿರುತ್ತದೆ, ಮೂರು ಗಂಟೆ ಎಂದು ಹೊರಟವರು ಐದು ಗಂಟೆಗೆ ತಲುಪಿದ್ದನ್ನು ನಾನು ಕಂಡಿದ್ದೇನೆ. ಅದೇ ದಿನ ಮರಳುವುದಾದರೆ ಪರ್ವತದ ಮುಂದೆ ಉಳಿಯುವುದು ಒಂದೋ ಎರಡೋ ತಾಸು. ಆ ಹೊತ್ತಿನಲ್ಲಿ ಮೋಡ ಮುಚ್ಚಿದ್ದರೆ ಅದೂ ಇಲ್ಲ. ಕಾಜ್ಬೆಕ್ ಶಿಖರ 5,000 ಮೀಟರಿಗಿಂತ ಎತ್ತರದ್ದು. ಸಾಮಾನ್ಯವಾಗಿ ಅದು ಮೋಡ ಕಳಚಿ ನಿಲ್ಲುವುದು ಬೆಳಗಿನ ಜಾವದಲ್ಲಿ. ಅಲ್ಲಿ ಒಂದು ರಾತ್ರಿಯಾದರೂ ಇದ್ದವರಿಗೇ ಆ ದರ್ಶನ. 2,170 ಮೀಟರ್ ಎತ್ತರದಲ್ಲಿರುವ ಗೆರ್ಗೆತಿ ಚರ್ಚಿನ ಬಳಿಯವರೆಗೆ ಈಗ ಡಾಂಬರು ರಸ್ತೆ ಆಗಿರುವುದರಿಂದ ಅಮ್ಮನವರ ಮೊಣಕಾಲಿಗೆ ತೊಂದರೆಯಿಲ್ಲ.

ದೇಶದ ನಡುವೆ ಲಿಖಿ ಎಂಬ ಬೆಟ್ಟಸಾಲು ಉತ್ತರ-ದಕ್ಷಿಣವಾಗಿ ಅಡ್ಡ ಬಿದ್ದಿದೆ. ಕಪ್ಪು ಸಮುದ್ರದ ತೇವದ ಗಾಳಿಯನ್ನು ಅದು ತಡೆಯುವುದರಿಂದ ಪಶ್ಚಿಮ ಭಾಗ ಮಳೆಯ ಹಸುರು ಸೀಮೆಯಾಗಿದೆ, ಪೂರ್ವ ಭಾಗ ಒಣಹವೆಯ ದ್ರಾಕ್ಷಿ ಸೀಮೆಯಾಗಿದೆ. ಪಶ್ಚಿಮಘಟ್ಟದ ಮೇಲಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಖೇತಿ ಪೂರ್ವದಲ್ಲಿ, ಬಟುಮಿ ಪಶ್ಚಿಮದ ತುದಿಯಲ್ಲಿ. ಹಾಗಾಗಿ ನನ್ನ ಸಲಹೆ, ಕಡಲನ್ನು ಬಿಡಿ. ಕರಾವಳಿಗೆ ಘಟ್ಟ ಇಳಿದರೆ ಸಾಕು ಎನ್ನುವ ದೂರದಲ್ಲಿರುವ ನೀವು ಕಲ್ಲುಗುಂಡುಗಳ ಕಡಲತೀರಕ್ಕಾಗಿ ಎರಡು ದಿನ ಕೊಡಬೇಕಾಗಿಲ್ಲ. ಪೂರ್ವದಲ್ಲೇ ಉಳಿದು ಟಿಬಿಲಿಸಿ, ಕಾಖೇತಿ, ಕಾಜ್ಬೆಗಿಗಳನ್ನು ನಿಧಾನವಾಗಿ ನೋಡಿ.

ಊಟದ ವಿಷಯದಲ್ಲಿ ನಿಮಗೆ ಒಂದೇ ಒಂದು ಪದ ಕಲಿಸುತ್ತೇನೆ: ಸಮರ್ಖ್ವೋ. ಅದರ ಅರ್ಥ ಉಪವಾಸದ ಅಡುಗೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ವ್ರತ ಹಿಡಿಯುವವರು ಬುಧವಾರ, ಶುಕ್ರವಾರ ಮತ್ತು ವರ್ಷದ ಕೆಲವು ದೀರ್ಘ ವ್ರತದ ಕಾಲಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲ. ನಾನು ಬಾಡಿಗೆಗಿದ್ದ ಮನೆಯ ಒಡತಿ, ಎಪ್ಪತ್ತು ದಾಟಿದ ಅಜ್ಜಿ, ಪ್ರತಿ ಬುಧವಾರ ಮಣ್ಣಿನ ಕುಡಿಕೆಯಲ್ಲಿ ಕೆಂಪು ಹುರುಳಿಕಾಯಿ ಬೀಜವನ್ನು ಬೇಯಿಸಿ, ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ, ಅಕ್ರೋಟು ಅರೆದು ಬೆರೆಸಿ, 'ಇದು ನಿನ್ನ ಊಟ, ಇವತ್ತು ನನ್ನದೂ ಹೌದು' ಎಂದು ನನ್ನ ಮುಂದಿಡುತ್ತಿದ್ದರು. ಅದೇ ಲೋಬಿಯೋ. ಅಂಗಡಿಯಲ್ಲಿ 'ವೆಜಿಟೇರಿಯನ್' ಎಂದರೆ ಮಾಂಸದ ತುಂಡು ತೆಗೆದು ಅದೇ ಸಾರನ್ನು ಬಡಿಸುವವರೂ ಇದ್ದಾರೆ. 'ಸಮರ್ಖ್ವೋ' ಎಂದರೆ ಯಾರಿಗೂ ಸಂಶಯ ಬರುವುದಿಲ್ಲ. ಅಕ್ರೋಟಿನ ಹೂರಣ ಸವರಿ ಸುತ್ತಿದ ಬದನೆ, ಪಾಲಕ್ ಮತ್ತು ಬೀಟ್‌ರೂಟಿನ ಪ್ಖಾಲಿ ಎಂಬ ಉಂಡೆ, ಅಣಬೆ ತುಂಬಿದ ಖಿಂಕಾಲಿ ಎಂಬ ಕಡುಬು, ಚೀಸ್ ತುಂಬಿದ ಖಾಚಾಪುರಿ ಎಂಬ ರೊಟ್ಟಿ ಎಲ್ಲೆಡೆ ಸಿಗುತ್ತವೆ. ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬೇಡಿ. ಕಾಳಿನ ಹೂರಣದ ರೊಟ್ಟಿಯಾದ ಲೋಬಿಯಾನಿಯಲ್ಲಿ ರಾಚಾ ಸೀಮೆಯ ಬಗೆಗೆ ಹಂದಿಮಾಂಸ ಸೇರಿಸುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. ಸಾಂಪ್ರದಾಯಿಕ ಚೀಸನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದ ಕಿಣ್ವ ಬಳಸುತ್ತಾರೆ; ಅದು ನಿಮಗೆ ಒಗ್ಗದಿದ್ದರೆ ಖಾಚಾಪುರಿಯನ್ನೂ ಬಿಟ್ಟು ಸಮರ್ಖ್ವೋ ಅಡುಗೆಗೇ ಅಂಟಿಕೊಳ್ಳಿ.

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು, ಅಂತರಜಾಲದಲ್ಲೇ ಅರ್ಜಿ ಹಾಕಬಹುದು. 2026ರ ಜನವರಿಯಿಂದ ಪ್ರವಾಸಿಗರಿಗೆ ಆರೋಗ್ಯ ಮತ್ತು ಅಪಘಾತ ವಿಮೆ ಕಡ್ಡಾಯವಾಗಿದೆ. ವಿಮೆಯ ಕಾಗದ, ಎಲ್ಲ ರಾತ್ರಿಗಳ ವಸತಿಯ ಕಾಗದ, ಮರಳುವ ಟಿಕೆಟ್ ಇವಿಷ್ಟನ್ನೂ ಮುದ್ರಿಸಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ವಲಸೆ ತಪಾಸಣೆಯಲ್ಲಿ ಕೇಳಿದಾಗ ಫೋನಿನಲ್ಲಿ ಹುಡುಕುತ್ತ ನಿಲ್ಲುವ ಪರಿಸ್ಥಿತಿ ಬರಬಾರದು. ದೆಹಲಿಯಿಂದ ಟಿಬಿಲಿಸಿಗೆ ಇಂಡಿಗೋ 2023ರಲ್ಲಿ ನೇರ ವಿಮಾನ ಆರಂಭಿಸಿತು. ಬೆಂಗಳೂರಿನಿಂದ ದುಬೈ ಅಥವಾ ಶಾರ್ಜಾ ಮೂಲಕವೂ ಹೋಗಬಹುದು. ಅಬ್ಖಾಜಿಯಾ ಮತ್ತು ದಕ್ಷಿಣ ಒಸ್ಸೇತಿಯಾ ಎಂಬ ಎರಡು ಭಾಗಗಳು ಸರ್ಕಾರದ ಹಿಡಿತದಲ್ಲಿಲ್ಲ, ಅತ್ತ ಸುಳಿಯಬೇಡಿ. 2024ರ ಚುನಾವಣೆಯ ನಂತರ ಟಿಬಿಲಿಸಿಯ ರುಸ್ತಾವೆಲಿ ಬೀದಿಯಲ್ಲಿ ಪ್ರತಿಭಟನೆಗಳು ನಡೆದಿವೆ. ಜನ ಸೇರಿರುವುದು ಕಂಡರೆ ಬೇರೆ ಬೀದಿ ಹಿಡಿಯಿರಿ.

ಉತ್ತರ | ದ್ರಾಕ್ಷಿ ಬೆಳೆಗಾರ, ವಿಜಯಪುರ

ಮಾಸ್ತರರೇ, ನಮ್ಮದು ತಲೆಮಾರಿನಿಂದ ದ್ರಾಕ್ಷಿ ತೋಟ. ಹೆಚ್ಚಿನದು ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಹೋಗುವ ಬೆಳೆ. ಎರಡು ವರ್ಷದ ಹಿಂದೆ ನಾವು ನಾಲ್ಕು ಜನ ಬೆಳೆಗಾರರು ಕಾಖೇತಿಗೆ ಹೋಗಿ, ತೆಲಾವಿ ಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಒಂದು ಕುಟುಂಬದ ಮನೆಯಲ್ಲೇ ಐದು ದಿನ ಇದ್ದೆವು. ನೀವು ಹೋಗುತ್ತಿರುವ ಸೆಪ್ಟೆಂಬರ್ ಕೊನೆಯೇ ಅವರ ಸುಗ್ಗಿ. ಅದಕ್ಕೆ ಅವರು ರ್ತ್ವೇಲಿ ಎನ್ನುತ್ತಾರೆ. ಇಡೀ ಊರು ತೋಟದಲ್ಲಿರುತ್ತದೆ, ಪಟ್ಟಣಕ್ಕೆ ಹೋದ ಮಕ್ಕಳು ಬಂದು ಸೇರುತ್ತಾರೆ, ಕೆಲಸಕ್ಕೆ ಕೈ ಹಚ್ಚಿದ ಯಾರಿಗೂ ಊಟವಿಲ್ಲದೆ ಕಳಿಸುವುದಿಲ್ಲ. ನಮ್ಮ ಕಡೆ ಜೋಳದ ರಾಶಿಯ ದಿನಗಳು ಹೇಗಿದ್ದವೋ ಹಾಗೆಯೇ.

ಎಂಟು ಸಾವಿರ ವರ್ಷ ಎಂದು ನೀವು ಬರೆದದ್ದು ಬರೀ ಹೆಮ್ಮೆಯ ಮಾತಲ್ಲ. ಟಿಬಿಲಿಸಿಯ ದಕ್ಷಿಣಕ್ಕಿರುವ ಗದಾಚ್ರಿಲಿ ಗೋರಾ ಮತ್ತು ಶುಲಾವೇರಿಸ್ ಗೋರಾ ಎಂಬ ಹಳೆಯ ದಿಬ್ಬಗಳಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಉಳಿಕೆ ಇರುವುದನ್ನು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಆ ಚೂರುಗಳ ಕಾಲ ಸುಮಾರು ಕ್ರಿ.ಪೂ. 6000. ಅಲ್ಲಿಯದೇ ಆದ ದ್ರಾಕ್ಷಿ ತಳಿಗಳು 500ಕ್ಕೂ ಹೆಚ್ಚು. ನಮ್ಮ ಇಡೀ ಜಿಲ್ಲೆ ಥಾಮ್ಸನ್ ಮತ್ತು ಅದರಿಂದ ಹುಟ್ಟಿದ ನಾಲ್ಕಾರು ತಳಿಗಳ ಮೇಲೆ ನಿಂತಿರುವಾಗ, ಈ ಸಂಖ್ಯೆ ಕೇಳಿ ನನಗೆ ನಿಜಕ್ಕೂ ಹೊಟ್ಟೆಯಲ್ಲಿ ಸಂಕಟವಾಯಿತು. ತೋಟದ ಯಜಮಾನರು ಸಪೆರಾವಿ ಎಂಬ ಕಪ್ಪು ದ್ರಾಕ್ಷಿಯ ಒಂದು ಹಣ್ಣನ್ನು ನನ್ನ ಅಂಗೈಯಲ್ಲಿಟ್ಟು ಹಿಸುಕಲು ಹೇಳಿದರು. ಕಪ್ಪು ದ್ರಾಕ್ಷಿಯಲ್ಲೂ ಸಾಮಾನ್ಯವಾಗಿ ಬಣ್ಣವಿರುವುದು ಸಿಪ್ಪೆಗೆ ಮಾತ್ರ, ತಿರುಳು ಬಿಳಿ. ಇದರ ತಿರುಳೇ ಕೆಂಪು. ಕುಂಕುಮ ಕಲಸಿದಂತೆ ಅಂಗೈ ರೇಖೆಗಳೆಲ್ಲ ಬಣ್ಣ ತುಂಬಿಕೊಂಡು, ಮರುದಿನವೂ ಹೋಗಿರಲಿಲ್ಲ. ಸಪೆರಾವಿ ಎಂದರೆ ಬಣ್ಣ ಹಾಕುವಂಥದ್ದು ಎಂದೇ ಅರ್ಥವಂತೆ.

ನಾವು ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಚಾಟ್ನಿ ಮಾಡುತ್ತೇವೆ, ಅಂದರೆ ಬಳ್ಳಿ ಕತ್ತರಿಸುತ್ತೇವೆ ಎಂದಾಗ ಅವರಿಗೆ ನಂಬಿಕೆ ಬರಲಿಲ್ಲ. ಅವರ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗಿಬಿಡುತ್ತದೆ, ಒಂದೇ ಚಾಟ್ನಿ ಸಾಕು. ನಮ್ಮ ನೆಲದಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ, ನಾವೇ ಕತ್ತರಿ ಹಾಕಿ ಅದನ್ನು ನಡೆಸಬೇಕು ಎಂದು ಕೈಸನ್ನೆಯಲ್ಲಿ ತಿಳಿಸಿದೆ. 'ಪಾಪ, ಬಳ್ಳಿಗೆ ದಣಿವಾಗುವುದಿಲ್ಲವೇ' ಎಂದು ಆ ಮನೆಯ ಹೆಣ್ಣುಮಗಳು ಕೇಳಿದ್ದನ್ನು ಅವರ ಮಗ ಇಂಗ್ಲಿಷಿನಲ್ಲಿ ತಿಳಿಸಿದ. ಆ ಪ್ರಶ್ನೆ ನನ್ನ ತಲೆಯಲ್ಲಿ ಇನ್ನೂ ಇದೆ.

ನೀವು ನೋಡಲೇಬೇಕಾದದ್ದು ಕ್ವೆವ್ರಿ. ಅದು ಆಳೆತ್ತರಕ್ಕೂ ಮಿಗಿಲಾಗಿರಬಹುದಾದ, ಬುಡ ಚೂಪಾದ ಮಣ್ಣಿನ ಗುಡಾಣ. ಮಣ್ಣಿನ ಹುರಿಗಳನ್ನು ಸುತ್ತಿ ಸುತ್ತಿ ಎತ್ತರಿಸಿ, ಸುಟ್ಟು, ಒಳಮೈಗೆ ಜೇನುಮೇಣ ಸವರಿ, ಕತ್ತಿನವರೆಗೆ ನೆಲದಲ್ಲಿ ಹೂಳುತ್ತಾರೆ. ಮರಾನಿ ಎಂಬ ಆ ಕೋಣೆಗೆ ಕಾಲಿಟ್ಟಾಗ ನೆಲದಲ್ಲಿ ಬಾಯಿಗಳು ಮಾತ್ರ ಕಂಡವು. ನನಗೆ ಆ ಕ್ಷಣಕ್ಕೆ ನೆನಪಾದದ್ದು ನಮ್ಮಜ್ಜನ ಮನೆಯಲ್ಲಿ ನೆಲದೊಳಗೆ ಕಾಳು ತುಂಬಿಡುತ್ತಿದ್ದ ಹಗೇವು. ಅದೇ ಕಿರಿದಾದ ಬಾಯಿ, ಅದೇ ಕಲ್ಲುಚಪ್ಪಡಿ, ಅದೇ ಮಣ್ಣಿನ ಮುಚ್ಚುಗೆ. ಹಗೇವು ತೆರೆದ ಕೂಡಲೇ ಒಳಗಿಳಿಯಬಾರದು, ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು ಎಂದು ಅಜ್ಜ ನಮ್ಮನ್ನು ಹಿಡಿದು ನಿಲ್ಲಿಸುತ್ತಿದ್ದರು. ಹುಳಿ ಏರುವ ದಿನಗಳಲ್ಲಿ ಮರಾನಿಯ ಬಾಗಿಲು ತೆರೆದಿಟ್ಟೇ ಒಳಗೆ ಹೋಗುವುದು ಅವರ ನಿಯಮವೂ ಹೌದು, ಏಕೆಂದರೆ ಅಲ್ಲಿಯೂ ಇಂಗಾಲದ ಡೈಆಕ್ಸೈಡ್ ನೆಲಮಟ್ಟದಲ್ಲಿ ಸೇರಿಕೊಳ್ಳುತ್ತದೆ.

ಕಾಖೇತಿಯ ಪದ್ಧತಿಯಲ್ಲಿ ದ್ರಾಕ್ಷಿಯನ್ನು ತುಳಿದು, ರಸದ ಜೊತೆಗೆ ಸಿಪ್ಪೆ, ಬೀಜ, ತೊಟ್ಟು ಎಲ್ಲವನ್ನೂ ಕ್ವೆವ್ರಿಗೆ ಇಳಿಸುತ್ತಾರೆ. ಹೊರಗಿನಿಂದ ಹೆಪ್ಪು ಹಾಕುವುದಿಲ್ಲ, ಸಿಪ್ಪೆಯ ಮೇಲಿರುವ ಈಸ್ಟೇ ಕೆಲಸ ಮಾಡುತ್ತದೆ. ಸಿಪ್ಪೆಯೆಲ್ಲ ಮೇಲೆ ತೇಲಿ ಗಟ್ಟಿ ಮುಚ್ಚಳದಂತಾಗುವುದರಿಂದ ದಿನಕ್ಕೆ ಹಲವು ಸಲ ಮರದ ಕೋಲಿನಿಂದ ಅದನ್ನು ಒಳಕ್ಕೆ ಅದುಮಬೇಕು. ನಮ್ಮ ಕೈಗೂ ಆ ಕೋಲು ಕೊಟ್ಟರು, ಒಳಗಿನಿಂದ ಅಕ್ಕಿ ಕುದಿಯುವಂಥ ಸಣ್ಣ ಸದ್ದು ಬರುತ್ತಿತ್ತು. ಕುದಿತ ನಿಂತ ಮೇಲೆ ಮುಚ್ಚಿ ಮಣ್ಣು ಮೆತ್ತಿದರೆ ತೆರೆಯುವುದು ವಸಂತದಲ್ಲೇ. ಭೂಮಿಯೊಳಗಿನ ತಂಪು ಬೇಸಿಗೆ ಚಳಿಗಾಲಗಳಲ್ಲಿ ಹೆಚ್ಚು ಏರುಪೇರಾಗದ ಕಾರಣ ಬೇರೆ ಶೀತಕವೇನೂ ಬೇಕಿಲ್ಲ. ಬಿಳಿ ದ್ರಾಕ್ಷಿಯಾದ ರ್ಕಾತ್ಸಿತೆಲಿಯೂ ಐದಾರು ತಿಂಗಳು ಸಿಪ್ಪೆಯೊಡನೆ ಇದ್ದು ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಈ ವಿಧಾನವನ್ನು ಯುನೆಸ್ಕೊ 2013ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಖಾಲಿಯಾದ ಕ್ವೆವ್ರಿಯನ್ನು ತೊಳೆಯುವುದು ಇನ್ನೊಂದು ವಿದ್ಯೆ: ಚೆರ್ರಿ ಮರದ ತೊಗಟೆಯನ್ನು ಪದರಪದರವಾಗಿ ಕಟ್ಟಿ ಮಾಡಿದ ಉಜ್ಜುಗೆಯನ್ನು ಉದ್ದ ಕೋಲಿಗೆ ಸಿಕ್ಕಿಸಿ, ನೀರು ಸ್ವಚ್ಛವಾಗಿ ಬರುವವರೆಗೆ ತಾಸುಗಟ್ಟಲೆ ಉಜ್ಜುತ್ತಾರೆ. ನಾವು ಹೋದ ಮನೆಯ ಹಿರಿಯರು ಆ ತೊಳೆದ ನೀರನ್ನು ಬಾಯಿಗೆ ಹಾಕಿ ನೋಡಿ ಒಪ್ಪಿದ ಮೇಲೆಯೇ ರಸ ಇಳಿಸಿದ್ದು.

ಕುಡಿಯದವರ ಮಾತಿಗೆ ಬರುತ್ತೇನೆ. ನಮ್ಮ ನಾಲ್ವರಲ್ಲಿ ಇಬ್ಬರು ಮಾಲೆ ಹಾಕಿಕೊಂಡವರು, ಪಂಢರಪುರದ ವಾರಕರಿಗಳು. ಹೋದ ಕೂಡಲೇ, ಊಟಕ್ಕೆ ಕೂರುವ ಮೊದಲೇ, ನಮ್ಮ ವ್ರತದ ವಿಷಯ ಹೇಳಿಬಿಟ್ಟೆವು. ಅವರು ಆಗಷ್ಟೇ ಹಿಂಡಿದ ದ್ರಾಕ್ಷಿ ರಸವನ್ನು ಆ ಇಬ್ಬರ ಲೋಟಕ್ಕೆ ತುಂಬಿದರು. ಸುಪ್ರಾ ಎಂಬ ಆ ಪಂಕ್ತಿಯೂಟದಲ್ಲಿ ತಮಾದಾ ಎಂಬ ಹಿರಿಯರೊಬ್ಬರು ಒಂದೊಂದು ಸುತ್ತಿಗೂ ಎದ್ದುನಿಂತು ಮಾತಾಡುತ್ತಾರೆ – ಶಾಂತಿಗಾಗಿ, ತೀರಿಕೊಂಡವರಿಗಾಗಿ, ಮಕ್ಕಳಿಗಾಗಿ, ಬಂದ ಅತಿಥಿಗಳಿಗಾಗಿ. ಆ ಮಾತು ನಡೆಯುವಾಗ ಉಣ್ಣುವುದನ್ನು ನಿಲ್ಲಿಸಿ ಕೇಳುವುದೇ ಮುಖ್ಯ ಮರ್ಯಾದೆ. ಲೋಟದಲ್ಲಿ ಏನಿದೆ ಎಂಬುದನ್ನು ನಾವು ಇಳಿದಿದ್ದ ಮನೆಯಲ್ಲಂತೂ ಯಾರೂ ನೋಡಲಿಲ್ಲ. ಅದೇ ರಸವನ್ನು ಹಿಟ್ಟು ಹಾಕಿ ಕಾಯಿಸಿ ಮಾಡುವ ಪೆಲಮುಶಿ ಎಂಬ ಸಿಹಿಯನ್ನು ತಪ್ಪದೆ ತಿನ್ನಿ, ನಿಮ್ಮ ಕಡೆಯ ಮಣ್ಣಿಯ ನೆನಪಾಗುತ್ತದೆ. ದಾರಕ್ಕೆ ಪೋಣಿಸಿದ ಅಕ್ರೋಟನ್ನು ಆ ಪಾಕದಲ್ಲಿ ಅದ್ದಿ ಒಣಗಿಸಿದ ಚುರ್ಚ್‌ಖೆಲಾ ತಿಂಗಳುಗಟ್ಟಲೆ ಕೆಡುವುದಿಲ್ಲ, ಊರಿಗೆ ತರಬಹುದು.

ವೈದ್ಯರ ಮಾತಿಗೆ ನನ್ನದೊಂದು ಸೇರ್ಪಡೆ: ಕಾಖೇತಿಗೆ ಮೂರು ರಾತ್ರಿಗಿಂತ ಕಡಿಮೆ ಕೊಡಬೇಡಿ. ದೊಡ್ಡ ಕಾರ್ಖಾನೆಗಳ ರುಚಿ ನೋಡುವ ಕೋಣೆಗಳಿಗಿಂತ ಹಳ್ಳಿಯ ಮನೆವಸತಿಯಲ್ಲಿ ನಿಲ್ಲಿ.

ಉತ್ತರ | ಕಡಲೂರಿನವಳು, ದುಬೈ

ಮಾಷ್ಟ್ರೇ, ನಾನು ಕುಂದಾಪುರದವಳು, ಕೆಲಸ ದುಬೈಯಲ್ಲಿ. ಕೊಲ್ಲಿ ದೇಶಗಳ ವಾಸದ ಪರವಾನಗಿ ಇದ್ದವರಿಗೆ ಜಾರ್ಜಿಯಾಕ್ಕೆ ಪ್ರತ್ಯೇಕ ವೀಸಾ ಬೇಕಿಲ್ಲದ ಕಾರಣ ನಮ್ಮವರು ಈದ್ ರಜೆ ಬಂತೆಂದರೆ ಅತ್ತ ಹೊರಡುತ್ತಾರೆ, ನಾನೂ ಮೂರು ಸಲ ಹೋಗಿದ್ದೇನೆ. ವೈದ್ಯೆಯವರು ಹೇಳಿದ್ದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ, ಆದರೆ ಕಡಲನ್ನು ಬಿಡಿ ಎಂಬುದನ್ನು ಮಾತ್ರ ಒಪ್ಪಲಾರೆ. ಸ್ವಾನೇತಿಯನ್ನು ಅವರು ಯೋಜನೆಯಲ್ಲೇ ಸೇರಿಸದೆ ಇರುವುದರಿಂದ ಆ ತೀರ್ಮಾನ ಬಂದಿದೆ ಎಂದು ನನಗನಿಸುತ್ತದೆ.

ಕಾಜ್ಬೆಗಿ ಸುಂದರವಾದ ಜಾಗ, ಅನುಮಾನವಿಲ್ಲ. ಆದರೆ ಬೆಟ್ಟದಲ್ಲಿ ಜನ ಹೇಗೆ ಬದುಕಿದರು ಎಂಬುದನ್ನು ನೋಡಬೇಕಾದರೆ ಸ್ವಾನೇತಿಗೇ ಹೋಗಬೇಕು. ಅಲ್ಲಿ ಹಲವು ಮನೆಗಳಿಗೆ ಕಲ್ಲಿನ ಗೋಪುರವಿದೆ. ಹೆಚ್ಚಿನವು 9ರಿಂದ 12ನೆಯ ಶತಮಾನದ ನಡುವೆ ಕಟ್ಟಿದಂಥವು. ಹೊರಗಿನ ದಾಳಿಯಿಂದಲೂ, ಮನೆತನಗಳ ನಡುವಿನ ರಕ್ತದ ಹಗೆಯಿಂದಲೂ ತಪ್ಪಿಸಿಕೊಳ್ಳಲು ಇಡೀ ಕುಟುಂಬ ಒಳಗೆ ಸೇರಿ ಏಣಿ ಮೇಲಕ್ಕೆಳೆದುಕೊಳ್ಳುತ್ತಿತ್ತು. ಸುಮಾರು 2,100 ಮೀಟರ್ ಎತ್ತರದ ಉಷ್ಗುಲಿ ಎಂಬ ಊರಿನ ಚಾಜಾಶಿ ಕೇರಿಯಲ್ಲಿ ಇಂಥ ಗೋಪುರ ಮತ್ತು ಕೋಟೆಮನೆಗಳು 200ಕ್ಕೂ ಹೆಚ್ಚಿವೆ. 1996ರಲ್ಲಿ ಮೇಲಿನ ಸ್ವಾನೇತಿ ಎಂಬ ಹೆಸರಿನಲ್ಲಿ ಈ ಕೇರಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಊರಿನ ಹಿಂದೆಯೇ ದೇಶದ ಅತಿ ಎತ್ತರದ ಶ್ಖಾರಾ, 5,190 ಮೀಟರಿಗೂ ಮೇಲೆ, ಹಿಮದ ಗೋಡೆಯಂತೆ ನಿಂತಿದೆ. ಸ್ವಾನೇತಿಯ ಮುಖ್ಯ ಪಟ್ಟಣ ಮೆಸ್ತಿಯಾದಿಂದ ಉಷ್ಗುಲಿಗೆ ನಾಲ್ಕು ದಿನದ ಕಾಲ್ನಡಿಗೆ ಪ್ರಸಿದ್ಧ, ಆದರೆ ಜೀಪಿನಲ್ಲಿ ಒಂದೇ ದಿನ ಹೋಗಿಬರಬಹುದಾದ್ದರಿಂದ ನಿಮ್ಮ ಮನೆಯವರಿಗೆ ತೊಡಕಿಲ್ಲ. ದಾರಿ ಕುಲುಕಾಟದ್ದು, ಸೊಂಟಕ್ಕೊಂದು ದಿಂಬು ಇರಲಿ.

ಇನ್ನು ಕಡಲಿನ ಲೆಕ್ಕ. ಟಿಬಿಲಿಸಿಯಿಂದ ಪಶ್ಚಿಮದ ಜುಗ್ದೀದಿ ಪಟ್ಟಣಕ್ಕೆ ರೈಲಿದೆ, ಅಲ್ಲಿಂದ ಮೆಸ್ತಿಯಾಕ್ಕೆ ಮೂರು ನಾಲ್ಕು ತಾಸಿನ ಘಾಟಿ. ಆ ಘಾಟಿಯ ಆರಂಭದಲ್ಲೇ 271 ಮೀಟರ್ ಎತ್ತರದ ಎಂಗುರಿ ಅಣೆಕಟ್ಟು ಸಿಗುತ್ತದೆ. ನಿಮ್ಮ ಜಿಲ್ಲೆಯ ಸೂಪಾ 101 ಮೀಟರ್ ಎಂದರೆ ಇದರ ಅಂದಾಜು ಸಿಕ್ಕೀತು. ಬೆಟ್ಟದಿಂದ ಇಳಿದು ಜುಗ್ದೀದಿಗೆ ಬಂದ ಮೇಲೆ ಬಟುಮಿ ದೂರವಿಲ್ಲ, ಬಟುಮಿಯಿಂದ ಟಿಬಿಲಿಸಿಗೆ ಐದು ಗಂಟೆಯ ಚಂದದ ರೈಲು. ಅಂದರೆ ಸ್ವಾನೇತಿಗೆ ಹೋದವರಿಗೆ ಕಡಲು ದಾರಿಯಲ್ಲೇ ಸಿಗುತ್ತದೆ, ಅದಕ್ಕಾಗಿ ಬೇರೆ ಹೋಗಬೇಕಿಲ್ಲ. ಒಂದು ರಾತ್ರಿ ಸಾಕು.

ಆದರೆ ಮರವಂತೆಯ ಮರಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಬಟುಮಿಯದು ಬರಿಗಾಲಿಗೆ ನೋವಾಗುವ ಬೆಣಚುಕಲ್ಲಿನ ದಡ. ಅಲೆ ಹಿಂದೆ ಸರಿಯುವಾಗ ಸಾವಿರಾರು ಕಲ್ಲುಗಳು ಒಂದರ ಮೇಲೊಂದು ಉರುಳಿ, ಕಣದಲ್ಲಿ ಕಡಲೆ ಸುರಿದಂಥ ಸದ್ದು ಬರುತ್ತದೆ. ನಮ್ಮ ಕಡಲಿಗೆ ಆ ಸದ್ದಿಲ್ಲ. ನೀರು ತುಟಿಗೆ ಸೋಕಿದಾಗ ಉಪ್ಪು ಕಡಿಮೆ ಎಂದು ನನಗೆ ತಟ್ಟನೆ ಗೊತ್ತಾಯಿತು. ದೊಡ್ಡ ನದಿಗಳು ಸೇರುವುದರಿಂದ ಕಪ್ಪು ಸಮುದ್ರದ ಮೇಲ್ನೀರಿನಲ್ಲಿ ಸಾಗರದ ಅರ್ಧದಷ್ಟೇ ಉಪ್ಪಿದೆಯಂತೆ. ಬಟುಮಿಯ ನಿಜವಾದ ಬೆರಗು 1912ರಲ್ಲಿ ಆರಂಭವಾದ ಸಸ್ಯೋದ್ಯಾನ. ಬಿದಿರು, ಕರ್ಪೂರ, ಚಹಾ ಗಿಡಗಳ ನಡುವಿನ ಇಳಿಜಾರು ಸೀದಾ ಕಡಲಿನ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ, ಎದುರಿಗೆ ಹಿಮದ ಬೆಟ್ಟ. ಹಸುರಿಗೆ ಕಾರಣವಾದ ಮಳೆ ಶರತ್ಕಾಲದಲ್ಲೇ ಜೋರು, ಕೊಡೆ ಬೇಕೇ ಬೇಕು.

ನನಗಾದ ಒಂದು ತೊಂದರೆಯನ್ನು ಹೇಳಿದರೆ ನಿಮಗೆ ಉಪಯೋಗವಾದೀತು. ಎರಡನೆಯ ಸಲ ಮೆಸ್ತಿಯಾದಿಂದ ಚಿಕ್ಕ ವಿಮಾನದಲ್ಲಿ ಮರಳುವುದೆಂದು, ಮರುದಿನ ನಸುಕಿಗೆ ದುಬೈಗೆ ಟಿಕೆಟ್ ಮಾಡಿದ್ದೆ. ಕಣಿವೆಗೆ ಮೋಡ ಇಳಿದು ವಿಮಾನ ರದ್ದಾಯಿತು. ಒಂಬತ್ತು ತಾಸು ರಸ್ತೆಯಲ್ಲಿ, ಅದರಲ್ಲೂ ಅರ್ಧ ಕತ್ತಲಲ್ಲಿ, ಜೊತೆಗಿದ್ದ ನನ್ನ ಅಮ್ಮನ ಕೈ ಹಿಡಿದು ಕೂತು ನಿಲ್ದಾಣ ತಲುಪಿದಾಗ ಬಾಗಿಲು ಮುಚ್ಚಲು ಇಪ್ಪತ್ತು ನಿಮಿಷವಿತ್ತು. ಬೆಟ್ಟವನ್ನು ಪ್ರವಾಸದ ಕೊನೆಗೆ ಇಡಬೇಡಿ, ಆ ವಿಮಾನವನ್ನು ನೆಚ್ಚಬೇಡಿ.

ಸ್ವಾನೇತಿಯ ಊಟದಲ್ಲಿ ಕುಬ್ದಾರಿ ಎಂಬ ರೊಟ್ಟಿ ನೋಡಲು ಖಾಚಾಪುರಿಯಂತೆಯೇ ಇರುತ್ತದೆ, ಒಳಗಿರುವುದು ಮಾಂಸ. ಅದರ ಬದಲು ಮೆಕ್ಕೆಜೋಳದ ಹಿಟ್ಟು, ಚೀಸ್ ಸೇರಿಸಿ ಸುಟ್ಟ ಚ್ವಿಶ್ತಾರಿ, ಆಲೂಗಡ್ಡೆಯ ತಶ್ಮಿಜಾಬಿ ಕೇಳಿ. ಸ್ವಾನೇತಿ ಉಪ್ಪು ಎಂಬ ಮಸಾಲೆಯ ಡಬ್ಬಿ ತೆರೆದಾಗ ಅಮ್ಮ, 'ಇದು ಮೆಂತ್ಯವಲ್ಲದೆ ಮತ್ತೇನೇ' ಎಂದರು. ಹೌದು, ನಮ್ಮ ಮೆಂತ್ಯದ ಹತ್ತಿರದ ಬಳಗವಾದ ನೀಲಿ ಹೂವಿನ ಮೆಂತ್ಯ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಒಣಗಿಸಿದ ಚೆಂಡುಹೂವಿನ ಎಸಳು, ಮೆಣಸು ಎಲ್ಲ ಸೇರಿಸಿ ಕುಟ್ಟಿದ ಉಪ್ಪು ಅದು.

ಉತ್ತರ | ಹಳೆಯ ದಾರಿ, ಕಾರವಾರ

ಮಾರ್ಗದ ಬಗ್ಗೆ ನಾನು ಹೇಳುವುದಿಲ್ಲ, ಆದರೆ ಹೊರಡುವ ಮೊದಲು ಒಂದು ದಿನ ಹಳೆಯ ಗೋವೆಗೆ ಹೋಗಿಬನ್ನಿ. ಕಾಖೇತಿಯ ರಾಣಿ ಕೇತೆವಾನ್ ಧರ್ಮ ಬಿಡಲೊಪ್ಪದ ಕಾರಣಕ್ಕೆ 1624ರಲ್ಲಿ ಶಿರಾಜ್ ನಗರದಲ್ಲಿ ಪರ್ಷಿಯದ ಶಾ ಅಬ್ಬಾಸನ ಆಜ್ಞೆಯಿಂದ ಕೊಲೆಯಾದಳು. ಪೋರ್ಚುಗೀಸ್ ಅಗಸ್ಟೀನಿಯನ್ ಪಾದ್ರಿಗಳು ಅವಳ ಅಸ್ಥಿಗಳಲ್ಲಿ ಕೆಲವನ್ನು ಗೋವೆಗೆ ತಂದು ತಮ್ಮ ಮಠದ ಚರ್ಚಿನಲ್ಲಿಟ್ಟರು. ಚರ್ಚು ಕುಸಿದು ಹೋದ ಎಷ್ಟೋ ಕಾಲದ ನಂತರ ಭಾರತೀಯ ಪುರಾತತ್ವ ಇಲಾಖೆಯ ಉತ್ಖನನದಲ್ಲಿ ಅಸ್ಥಿ ದೊರೆತಾಗ, ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಡಿಎನ್ಎ ಪರೀಕ್ಷೆ ಮಾಡಿ, ಅದು ಜಾರ್ಜಿಯಾದ ಜನರಲ್ಲಿ ಕಾಣುವ ವಂಶಗುರುತಿಗೆ ಹೊಂದುತ್ತದೆ ಎಂದು ತೋರಿಸಿದರು. 2021ರ ಜುಲೈನಲ್ಲಿ ನಮ್ಮ ವಿದೇಶಾಂಗ ಸಚಿವರು ಟಿಬಿಲಿಸಿಯಲ್ಲಿ ಆ ಅಸ್ಥಿಯ ಒಂದು ಭಾಗವನ್ನು ಅಲ್ಲಿನ ಸರ್ಕಾರಕ್ಕೂ ಚರ್ಚಿಗೂ ಒಪ್ಪಿಸಿದರು. ಗೋವೆಯಲ್ಲಿ ಉಳಿದಿರುವುದು ಕೆಂಪು ಜಂಬಿಟ್ಟಿಗೆಯ ಒಂದು ಒಂಟಿ ಗೋಪುರ ಮತ್ತು ಹುಲ್ಲು ಬೆಳೆದ ನೆಲಗಟ್ಟು. ಅದನ್ನು ನೋಡಿ, ತಿಂಗಳೊಳಗೆ ಅವಳ ಸೀಮೆಯಲ್ಲಿ ನಿಲ್ಲುವ ಅವಕಾಶ ನಿಮಗಿದೆ. ತೆಲಾವಿಯ ಹತ್ತಿರದ ಅಲಾವೆರ್ದಿ ಮಠಕ್ಕೆ ಹೋಗಿ; 11ನೆಯ ಶತಮಾನದ ಚರ್ಚಿರುವ ಆ ಮಠದಲ್ಲಿ ಸನ್ಯಾಸಿಗಳು ಇಂದಿಗೂ ಕ್ವೆವ್ರಿಯಲ್ಲಿ ವೈನ್ ಮಾಡುತ್ತಾರೆ. ಚರ್ಚಿನೊಳಗೆ ಹೋಗುವಾಗ ಹೆಂಗಸರು ತಲೆಗೆ ಸೆರಗೋ ವಸ್ತ್ರವೋ ಹಾಕಬೇಕು. ಸೀರೆ ಉಟ್ಟರೆ ಬೇರೇನೂ ಬೇಕಾಗುವುದಿಲ್ಲ.

ಮರುಉತ್ತರ | ಪಯಣಿಗ, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಬರಹಗಳನ್ನು ಹೆಂಡತಿಗೆ ಓದಿ ಹೇಳಿದೆ. ಹಗೇವಿನ ಮಾತು ಬಂದಾಗ ಅವಳು ಎರಡನೆಯ ಸಲ ಓದಿಸಿದಳು, ಅವಳ ತವರು ಬಾಗಲಕೋಟೆಯ ಕಡೆ. ಇಬ್ಬರೂ ಕೂಡಿ ಹೀಗೆ ನಿರ್ಧರಿಸಿದ್ದೇವೆ: ಬಂದಿಳಿದು ಟಿಬಿಲಿಸಿಯಲ್ಲಿ 2 ರಾತ್ರಿ, ಕಾಖೇತಿಯಲ್ಲಿ 3, ಮರಳಿ ಟಿಬಿಲಿಸಿಯಲ್ಲಿ 1, ರೈಲು ಹಿಡಿದು ಮೆಸ್ತಿಯಾದಲ್ಲಿ 3, ಬಟುಮಿಯಲ್ಲಿ 1, ಕೊನೆಗೆ ಟಿಬಿಲಿಸಿಯಲ್ಲಿ 1. ಬಿಡಬೇಕಾಗಿ ಬಂದದ್ದು ಕಾಜ್ಬೆಗಿ, ವೈದ್ಯೆಯವರು ಅನ್ಯಥಾ ಭಾವಿಸಬಾರದು. ಉಳಿದಿರುವ ಪ್ರಶ್ನೆ ಒಂದೇ. ರೈಲಿನ ಟಿಕೆಟನ್ನು ಇಲ್ಲಿಂದಲೇ ಮಾಡಿಸಬೇಕೆ, ಅಲ್ಲಿಗೆ ಹೋದ ಮೇಲೆ ಸಿಗುತ್ತದೆಯೆ?

ಉತ್ತರ | ವೈದ್ಯೆ, ಮೈಸೂರು

ಅನ್ಯಥಾ ಭಾವಿಸುವುದೇನೂ ಇಲ್ಲ ಸರ್, ಜುಗ್ದೀದಿಯ ದಾರಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ದುಬೈಯವರು ಹೇಳಿದ್ದೇ ಸರಿ. ರೈಲಿನ ಎರಡೂ ಟಿಕೆಟುಗಳನ್ನು ಇಲ್ಲಿಂದಲೇ, ಮಾರಾಟ ಆರಂಭವಾದ ಕೂಡಲೇ, ಅಂತರಜಾಲದಲ್ಲಿ ಮಾಡಿಸಿ. ಬಟುಮಿ ರೈಲಿನ ಸೀಟುಗಳು ಬೇಗ ತುಂಬಿಬಿಡುತ್ತವೆ. ಹತ್ತುವಾಗ ಪಾಸ್‌ಪೋರ್ಟ್ ನೋಡುತ್ತಾರೆ, ಹೆಸರಿನ ಅಕ್ಷರಗಳು ಅದರಲ್ಲಿರುವಂತೆಯೇ ಇರಲಿ. ಟಿಬಿಲಿಸಿಯ ಆ ಕೊನೆಯ ಸಂಜೆ ಅಬಾನೊತುಬಾನಿಯ ಗಂಧಕದ ಬಿಸಿನೀರಿನ ಸ್ನಾನಗೃಹದಲ್ಲಿ ನಿಮ್ಮಿಬ್ಬರಿಗೆ ಒಂದು ಪ್ರತ್ಯೇಕ ಕೋಣೆಯನ್ನು ಒಂದು ತಾಸಿಗೆ ಬಾಡಿಗೆಗೆ ಹಿಡಿಯಿರಿ. ಟಿಬಿಲಿಸಿ ಎಂಬ ಹೆಸರು ಬಂದದ್ದೇ 'ಬೆಚ್ಚಗಿನ' ಎಂಬ ಅರ್ಥದ ಮಾತಿನಿಂದ. ಉಷ್ಗುಲಿಯ ಜೀಪಿನಲ್ಲಿ ಕುಲುಕಿದ ಮೊಣಕಾಲಿಗೆ ಆ ನೀರು ಹಿತವಾಗುತ್ತದೆ. ರಕ್ತದೊತ್ತಡವಿದ್ದರೆ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಹೊರಗೆ ಬಂದು ಕೂರಬೇಕು.